ಹೂಂಗುಟ್ಟುವವರು ಯಾರು?

1996ರಲ್ಲಿ ವಿಶ್ವಬ್ಯಾಂಕಿನ ಒಳಗೆ ಓಡಾಡಿದ ಒಂದು ಕಥೆ. ಅದರ ಹಿಂದಿನ ವರ್ಷದ ಜೂನ್‌ನಲ್ಲಿ, ಜಾಂಬಿಯಾದ ಕಮಾನಾ ಎಂಬ ಸಣ್ಣ ಊರಿನ ಆರೋಗ್ಯ ಕಾರ್ಯಕರ್ತರೊಬ್ಬರಿಗೆ ಮಲೇರಿಯಾ ಚಿಕಿತ್ಸೆಯ ಬಗ್ಗೆ ಅನುಮಾನ ಬಂತು. ಇಂಟರ್‌ನೆಟ್ಟಿನಲ್ಲಿ ಅಮೆರಿಕದ ಅಟ್ಲಾಂಟಾದ ರೋಗ ನಿಯಂತ್ರಣ ಕೇಂದ್ರದ ತಾಣ ತೆರೆದರು, ಉತ್ತರ ಸಿಕ್ಕಿತು. ಕಥೆ ಅಷ್ಟೇ.

ಹೇಳಿದವರು ಸ್ಟೀವ್ ಡೆನ್ನಿಂಗ್, ಬ್ಯಾಂಕಿನ ಅಧಿಕಾರಿ. ಸಾಲ ಕೊಡುವ ಸಂಸ್ಥೆ ತನಗೆ ತಿಳಿದದ್ದನ್ನೂ ಹಂಚಬೇಕೆಂದು ಅವರು ಸಹೋದ್ಯೋಗಿಗಳ ಮುಂದೆ ನಕ್ಷೆ, ಸ್ಲೈಡು ಎಲ್ಲ ಇಟ್ಟು ನೋಡಿದ್ದರು. ಯಾರೂ ಕಿವಿಗೊಡಲಿಲ್ಲ. ಈ ಕಥೆಗೆ ಕಿವಿಗೊಟ್ಟರು. ಅದೇ ವರ್ಷ ಅಕ್ಟೋಬರಿನಲ್ಲಿ ಬ್ಯಾಂಕಿನ ಅಧ್ಯಕ್ಷ ವುಲ್ಫೆನ್‌ಸನ್ ‘ಜ್ಞಾನ ಬ್ಯಾಂಕ್’ ಆಗುತ್ತೇವೆಂದು ವಾರ್ಷಿಕ ಸಭೆಯಲ್ಲಿ ಸಾರಿದರು.

ನನಗೆ ಅರ್ಥವಾಗದ್ದು ಇದು. ಈ ಕಥೆಯಲ್ಲಿ ಕಾರ್ಯಕರ್ತರ ಹೆಸರಿಲ್ಲ, ಜ್ವರ ಬಂದವರ ಸುದ್ದಿಯಿಲ್ಲ, ಅವರು ಬದುಕಿದರೇ ಎಂಬುದೂ ಇಲ್ಲ. ನಮ್ಮ ಮನೆಗಳ ಅಜ್ಜಿಯರಾದರೆ ‘ಇದೇನು ಕಥೆಯೋ’ ಎಂದು ಎದ್ದು ಹೋಗುತ್ತಿದ್ದರು. ಆದರೂ ಕೆಲಸ ಮಾಡಿತು. ಒಂದು ಚುಚ್ಚು ಮಾತ್ರ ಇತ್ತು: ಇಡೀ ಪ್ರಸಂಗದಲ್ಲಿ ವಿಶ್ವಬ್ಯಾಂಕೇ ಇಲ್ಲ. ಬಡತನದ ಬಗ್ಗೆ ಅಷ್ಟೊಂದು ಬಲ್ಲ ಸಂಸ್ಥೆಯನ್ನು ಆ ಕಾರ್ಯಕರ್ತರು ಕೇಳಲೇ ಇಲ್ಲ.

ಮುಂದೆ ಡೆನ್ನಿಂಗ್ ಬರೆದ ಪುಸ್ತಕದಲ್ಲಿ ಇದಕ್ಕೊಂದು ಸಮಾಧಾನವಿದೆ. ಕೇಳುವವರು ಜಾಂಬಿಯಾವನ್ನು ಕಲ್ಪಿಸಿಕೊಳ್ಳುತ್ತ ಕೂರಬಾರದು. ಕೇಳುತ್ತಿರುವಾಗಲೇ ತಮ್ಮ ಇಲಾಖೆಯ ಕಥೆಯನ್ನು ತಲೆಯೊಳಗೆ ಕಟ್ಟಿಕೊಳ್ಳಬೇಕು. ವಿವರ ಹೆಚ್ಚಿದಷ್ಟೂ ಅದಕ್ಕೆ ಜಾಗ ಕಡಿಮೆ. ಅಂದರೆ ಅರ್ಧ ಕೆಲಸ ಕೇಳುವವರದೇ.

*

ಬೆಂಗಳೂರಿನ ಕಚೇರಿಯೊಂದರಲ್ಲಿ ‘ನಿಮ್ಮ ಕಥೆ ಹೇಳಿ’ ತರಬೇತಿ. ಕೈಗೆ ಕೊಟ್ಟ ಹಾಳೆಯಲ್ಲಿ ನಾಲ್ಕು ಖಾನೆ: ಪರಿಸ್ಥಿತಿ, ಸವಾಲು, ನಾನು ಮಾಡಿದ್ದು, ಫಲಿತಾಂಶ. ತಲಾ ಎರಡು ನಿಮಿಷ. ಎಲ್ಲರ ಕಥೆಯಲ್ಲೂ ಡೆಡ್‌ಲೈನ್ ಹತ್ತಿರ ಬಂದಿತ್ತು, ಎಲ್ಲರೂ ರಾತ್ರಿಯಿಡೀ ಕೂತಿದ್ದರು, ಎಲ್ಲರ ಕ್ಲೈಂಟೂ ಖುಷಿಯಾಗಿದ್ದ. ಒಬ್ಬರಿಗೆ ಚಪ್ಪಾಳೆ ಬೀಳುವಾಗ ಮುಂದಿನವರು ತಮ್ಮ ಹಾಳೆಯ ಮೇಲೆ ಕಣ್ಣಾಡಿಸುತ್ತಿದ್ದರು.

ಊಟದ ಸಾಲಿನಲ್ಲಿ ಅದೇ ಜನ ಬೇರೆಯದನ್ನು ಹೇಳಿಕೊಳ್ಳುತ್ತಿದ್ದರು. ಸರ್ವರ್ ಮಲಗಿದ ರಾತ್ರಿ ನಿಜವಾಗಿ ಏನಾಯಿತು, ಮೊದಲು ಯಾವ ಲಾಗ್ ನೋಡಿದರು, ಅದು ಹೇಗೆ ದಾರಿ ತಪ್ಪಿಸಿತು, ಕೊನೆಗೆ ಯಾರಿಗೆ ಹೊಳೆಯಿತು, ವರದಿಯಲ್ಲಿ ಅವರ ಹೆಸರು ಯಾಕೆ ಬರಲಿಲ್ಲ. ತಟ್ಟೆ ಹಿಡಿದವರು ಸಾಲಿನಲ್ಲಿ ಮುಂದೆ ಸರಿಯುವುದನ್ನೇ ಮರೆತಿದ್ದರು. ‘ಆಮೇಲೆ?’ ಎಂಬ ಮಾತು ಬೆಳಗಿನಿಂದ ನನ್ನ ಕಿವಿಗೆ ಬಿದ್ದದ್ದು ಅಲ್ಲೇ. ತರಬೇತುದಾರರು ಆ ಹೊತ್ತಿಗೆ ಸಿಹಿ ತಿನ್ನುತ್ತಿದ್ದರು.

*

ಊಟದ ಸಾಲಿನ ಕಥೆಗಳನ್ನು ಕೂತು ಆಲಿಸಿ ಬರೆದುಕೊಂಡವರೂ ಇದ್ದಾರೆ. ಜೂಲಿಯನ್ ಓರ್ ಎಂಬ ಮಾನವಶಾಸ್ತ್ರಜ್ಞ 1980ರ ದಶಕದಲ್ಲಿ ಜೆರಾಕ್ಸ್ ಕಂಪನಿಯ ರಿಪೇರಿ ಮಾಡುವವರ ಹಿಂದೆ ಸುತ್ತಿದರು. ಅದರ ಪುಸ್ತಕ ಬಂದದ್ದು 1996ರಲ್ಲಿ. ರಿಪೇರಿಯವರ ಕೈಯಲ್ಲಿ ದಪ್ಪ ಕೈಪಿಡಿ ಇತ್ತು: ಈ ದೋಷಸಂಕೇತ ಬಂದರೆ ಇದನ್ನು ಮಾಡು. ಯಂತ್ರಗಳು ಕೈಪಿಡಿ ಓದಿರಲಿಲ್ಲ. ಒಮ್ಮೆ ಯಂತ್ರವೊಂದು ತೋರಿಸುತ್ತಿದ್ದ ಸಂಕೇತಕ್ಕೂ ನಿಜವಾದ ದೋಷಕ್ಕೂ ತಾಳೆಯೇ ಇರಲಿಲ್ಲ. ರಿಪೇರಿಯವನೂ ಅವನ ಮೇಲಿನ ತಜ್ಞನೂ ಯಂತ್ರದ ಮುಂದೆ ನಿಂತು ಹಳೆಯ ಪ್ರಸಂಗಗಳನ್ನು ಒಂದೊಂದಾಗಿ ತೆಗೆದರು. ಅಲ್ಲಿ ಹೀಗಾಗಿತ್ತು, ಹೌದು, ಆದರೆ ಅಲ್ಲಿ ಆ ಸದ್ದೂ ಬರುತ್ತಿತ್ತು. ಗಂಟೆಗಟ್ಟಲೆ ಹೀಗೇ ನಡೆದು, ತುಣುಕುಗಳು ಸೇರಿ ಕಾರಣ ಸಿಕ್ಕಿತು. ಆಮೇಲೆ ಈ ಘಟನೆಯೂ ಕಾಫಿಯ ಮೇಜಿಗೆ ಬಂದು ಹೊಸ ಕಥೆಯಾಯಿತು.

ಇಲ್ಲಿ ಪ್ರೇರಣೆಯೂ ಇಲ್ಲ, ನೀತಿಯೂ ಇಲ್ಲ. ಕೇಳುವವನಿಗೆ ನಾಳೆ ಅದೇ ಯಂತ್ರ ಎದುರಾಗಬಹುದು, ಅದಕ್ಕೇ ಕೇಳುತ್ತಾನೆ.

ನಂತರ ಕಂಪನಿ ಎಚ್ಚೆತ್ತು, ರಿಪೇರಿಯವರ ಉಪಾಯಗಳನ್ನು ಕೂಡಿಡುವ ‘ಯುರೇಕಾ’ ಎಂಬ ವ್ಯವಸ್ಥೆ ಕಟ್ಟಿತು. ಉಪಾಯ ಕಳಿಸಿದವರಿಗೆ ದುಡ್ಡಿಗಿಂತ ಅದರ ಜೊತೆ ತಮ್ಮ ಹೆಸರು ಇರುವುದು ಮುಖ್ಯವಾಯಿತು. ಒಳ್ಳೆಯದೇ. ಆದರೆ ಅಲ್ಲಿ ಉಳಿಯುವುದು ಲಕ್ಷಣ, ಕಾರಣ, ಪರಿಹಾರ. ನಡುವೆ ತಪ್ಪು ದಾರಿ ಹಿಡಿದು ಅಲೆದದ್ದು ಎಲ್ಲಿ ಹೋಯಿತು? ಊಟದ ಸಾಲಿನಲ್ಲಿ ಜನ ಬಾಯಿ ಬಿಟ್ಟುಕೊಂಡು ಕೇಳಿದ್ದು ಅದನ್ನೇ ಅಲ್ಲವೇ.

*

ಕೆಲಸಕ್ಕೆ ಬಳಸುವ ಕಥೆ ಅಮೆರಿಕದ ಆವಿಷ್ಕಾರವೇನಲ್ಲ. ಸುಮಾರು 1031ರಲ್ಲಿ ಪಂಚತಂತ್ರವನ್ನು ಕನ್ನಡಕ್ಕೆ ತಂದ ದುರ್ಗಸಿಂಹ ಚಾಲುಕ್ಯ ಜಯಸಿಂಹನ ಸಂಧಿವಿಗ್ರಹಿ, ಯುದ್ಧ-ಸಂಧಾನಗಳ ಕಡತ ನೋಡುವ ಅಧಿಕಾರಿ. ದಡ್ಡ ರಾಜಕುಮಾರರಿಗೆ ಕಥೆ ಹೇಳಿ ರಾಜನೀತಿ ಕಲಿಸುವುದು ಆ ಗ್ರಂಥದ ಚೌಕಟ್ಟು. ಕೇಳುವವರು ನಡುವೆ ಬಾಯಿ ಹಾಕಿ ‘ಅದು ಹೇಗೆ?’ ಎಂದು ಕೇಳದಿದ್ದರೆ ಮುಂದಿನ ಕಥೆಯೇ ಶುರುವಾಗುವುದಿಲ್ಲ. ಮನೆಗಳಲ್ಲೂ ಹಾಗೇ: ಮಕ್ಕಳು ‘ಹೂಂ’ ಅನ್ನುತ್ತಿರಬೇಕು. ಹೂಂಗುಟ್ಟುವುದು ನಿಂತರೆ ನಿದ್ದೆ ಬಂತೆಂದು ಅಜ್ಜಿ ಕಥೆ ನಿಲ್ಲಿಸುತ್ತಾಳೆ.

*

ಎ. ಕೆ. ರಾಮಾನುಜನ್ ಸಂಗ್ರಹಿಸಿದ ಕನ್ನಡದ ಜನಪದ ಕಥೆಯೊಂದು ತಲೆಯಿಂದ ಹೋಗುತ್ತಿಲ್ಲ. 1988ರ ‘ನಾಗಮಂಡಲ’ದಲ್ಲಿ ಗಿರೀಶ ಕಾರ್ನಾಡರೂ ಇದನ್ನು ಬಳಸಿಕೊಂಡರು. ಒಬ್ಬಳಿಗೆ ಒಂದು ಕಥೆ, ಒಂದು ಹಾಡು ಗೊತ್ತಿತ್ತು; ಯಾರಿಗೂ ಹೇಳಿರಲಿಲ್ಲ. ಒಳಗೇ ಉಸಿರುಗಟ್ಟಿದ ಅವು ಅವಳು ಬಾಯಿ ತೆರೆದು ಮಲಗಿದ್ದಾಗ ಹೊರಬಿದ್ದು, ಒಂದು ಬಾಗಿಲಲ್ಲಿ ಚಪ್ಪಲಿಯಾಯಿತು, ಇನ್ನೊಂದು ಗೂಟದ ಮೇಲೆ ಗಂಡಸಿನ ಅಂಗಿಯಾಯಿತು. ಯಾರು ಬಂದಿದ್ದರೆಂದು ಗಂಡ ಜಗಳ ತೆಗೆದು, ಹನುಮಂತನ ಗುಡಿಗೆ ಹೋಗಿ ಕಂಬಳಿ ಹೊದ್ದು ಮಲಗಿದ. ರಾತ್ರಿ ಊರಿನ ದೀಪಗಳೆಲ್ಲ ಅಲ್ಲಿ ಸೇರಿ ಮಾತಾಡುವಾಗ ಅವನಿಗೆ ನಿಜ ತಿಳಿಯಿತು. ಮನೆಗೆ ಬಂದು ಕೇಳಿದರೆ ಅವಳು ‘ಯಾವ ಕಥೆ? ಯಾವ ಹಾಡು?’ ಅಂದಳು.

ಹೇಳದೆ ಇಟ್ಟುಕೊಂಡ ತಪ್ಪು ಅವಳದೆಂದೇ ಎಲ್ಲರೂ ಓದುತ್ತಾರೆ. ಅದಕ್ಕೆ ಮುಂಚೆ ಅವಳನ್ನು ಯಾರಾದರೂ ಕೇಳಿದ್ದರೇ? ಗಂಡ ಕೇಳಿದ್ದು ಎಲ್ಲ ಹೊರಟುಹೋದ ಮೇಲೆ. ನಮ್ಮ ಕಚೇರಿಗಳಲ್ಲೂ ಮೂವತ್ತು ವರ್ಷ ಸುಮ್ಮನಿದ್ದು, ಬೀಳ್ಕೊಡುಗೆಯ ದಿನ ಹಾರ ಹಾಕಿ, ಮೈಕು ಕೊಟ್ಟು ‘ನಿಮ್ಮ ಅನುಭವ ಹಂಚಿಕೊಳ್ಳಿ ಸಾರ್’ ಅನ್ನುತ್ತಾರೆ. ಅವರು ಎಲ್ಲರ ಸಹಕಾರಕ್ಕೆ ಧನ್ಯವಾದ ಹೇಳಿ ಕೂರುತ್ತಾರೆ.

*

ಕೇಳುವವರೇ ಮುಖ್ಯ ಎಂದು ಹೀಗೆ ಗಟ್ಟಿಯಾಗಿ ನಂಬುವ ಹೊತ್ತಿಗೆ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನೆಬೇಕರ್ ಅಡ್ಡ ಬರುತ್ತಾರೆ. 1986ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅವರೂ ಸಾಂಡ್ರಾ ಬೀಲ್ ಅವರೂ ವಿದ್ಯಾರ್ಥಿಗಳಿಂದ ಮನಸ್ಸನ್ನು ಕದಡಿದ ಘಟನೆಯನ್ನು ಬರೆಸಿದರು: ದಿನಕ್ಕೆ 15 ನಿಮಿಷ, ನಾಲ್ಕು ದಿನ. ಎದುರಿಗೆ ಕೂತು ತಲೆದೂಗುವವರು ಯಾರೂ ಇಲ್ಲ. ಬರೆದ ಕೂಡಲೇ ಅವರಿಗೆ ಬೇಸರ ಹೆಚ್ಚಾಯಿತು. ಆದರೆ ಮುಂದಿನ ತಿಂಗಳುಗಳಲ್ಲಿ ನೋವು, ಘಟನೆ ಎರಡನ್ನೂ ಬರೆದವರು ವೈದ್ಯರ ಬಳಿ ಹೋದದ್ದು ಉಳಿದವರಿಗಿಂತ ಕಡಿಮೆ. 2006ರಲ್ಲಿ ಇಂಥ 146 ಪ್ರಯೋಗಗಳನ್ನು ಒಟ್ಟಿಗೆ ನೋಡಿದಾಗ ಪರಿಣಾಮ ಸಣ್ಣದೇ ಎಂದು ಕಂಡಿತು, ಆದರೆ ಇಲ್ಲವಾಗಲಿಲ್ಲ.

ಹಾಗಾದರೆ ಅಲ್ಲಿ ಹೂಂಗುಟ್ಟಿದವರು ಯಾರು? ಪೆನೆಬೇಕರ್ ತಂಡ ಬರಹಗಳ ಪದಗಳನ್ನೂ ಎಣಿಸಿ ನೋಡಿತು. ಹೆಚ್ಚು ಲಾಭವಾದದ್ದು ದಿನದಿಂದ ದಿನಕ್ಕೆ ‘ಯಾಕೆಂದರೆ’, ‘ಈಗ ಗೊತ್ತಾಗುತ್ತಿದೆ’ ಎಂಬಂಥ ಮಾತು ಹೆಚ್ಚಿದವರಿಗೆ. ಮೊದಲ ದಿನವೇ ಅಚ್ಚುಕಟ್ಟಾದ ಕಥೆ ತಂದವರಿಗೆ ಅಷ್ಟಾಗಿ ಸಿಗಲಿಲ್ಲ. ಬಹುಶಃ ಮೂರನೆಯ ದಿನ ಬರೆಯುವವರೇ ಮೊದಲ ದಿನದ್ದನ್ನು ಕೇಳುವವರೂ ಆಗಿರುತ್ತಾರೆ. ಇದು ನನ್ನ ಊಹೆ, ಅವರು ಹೀಗೆಂದಿಲ್ಲ.

ನಾಲ್ಕು ಖಾನೆಯ ಆ ಹಾಳೆ ಎರಡನೆಯ ದಿನಕ್ಕೆ ಬದಲಾಗುವಂಥದ್ದಲ್ಲ. ಅದಕ್ಕೆ ಲ್ಯಾಮಿನೇಷನ್ ಬೇರೆ ಮಾಡಿಸಿದ್ದರು.