ಒಂದು ಹೊಳೆಯ ಎರಡು ದಡಗಳು

ಲಂಡನ್ ಮಹಾನಗರದ ಪೂರ್ವಭಾಗದಲ್ಲಿ ರೋಡಿಂಗ್ ಎಂಬ ಚಿಕ್ಕ ಹೊಳೆಯೊಂದು ಥೇಮ್ಸ್ ನದಿಯನ್ನು ಸೇರುತ್ತದೆ. ಅದರ ಪಶ್ಚಿಮಕ್ಕೆ ನ್ಯೂಹ್ಯಾಮ್, ಪೂರ್ವಕ್ಕೆ ಬಾರ್ಕಿಂಗ್ ಮತ್ತು ಡ್ಯಾಗನ್‌ಹ್ಯಾಮ್. ಎರಡೂ ದುಡಿಯುವ ಜನರ ನೆಲೆಗಳು. ಆದರೂ ಹೊರನಾಡಿನಿಂದ ಬಂದು ನೆಲೆಸುವವರನ್ನು ಕುರಿತು ಇಲ್ಲಿಯ ಜನರ ಭಾವನೆ ಒಂದೇ ಬಗೆಯದಾಗಿರಲಿಲ್ಲ. 2006ರ ಸ್ಥಳೀಯ ಚುನಾವಣೆಯಲ್ಲಿ, ವಲಸೆಯನ್ನು ಉಗ್ರವಾಗಿ ವಿರೋಧಿಸುವ ಬ್ರಿಟಿಷ್ ನ್ಯಾಷನಲ್ ಪಕ್ಷವು ಪೂರ್ವದ ದಡದಲ್ಲಿ 12 ಸ್ಥಾನಗಳನ್ನು ಗಳಿಸಿತು. ಪಶ್ಚಿಮದ ದಡದಲ್ಲಿ ಒಂದನ್ನೂ ಗಳಿಸಲಿಲ್ಲ. 2016ರಲ್ಲಿ ಐರೋಪ್ಯ ಒಕ್ಕೂಟವನ್ನು ತೊರೆಯುವ ಪ್ರಶ್ನೆ ಬಂದಾಗ ಬಾರ್ಕಿಂಗ್ ಮತ್ತು ಡ್ಯಾಗನ್‌ಹ್ಯಾಮ್‌ನ ಶೇ. 62.4ರಷ್ಟು ಮತಗಳು ತೊರೆಯುವ ಪರವಾಗಿ ಬಿದ್ದವು. ನ್ಯೂಹ್ಯಾಮ್‌ನಲ್ಲಿ ಶೇ. 52.8ರಷ್ಟು ಮತಗಳು ಉಳಿಯುವ ಪರವಾಗಿದ್ದವು.

ವಲಸಿಗರು ಹೆಚ್ಚಿರುವಲ್ಲಿ ವಿರೋಧವೂ ಹೆಚ್ಚೆಂಬುದು ಸಾಮಾನ್ಯರ ಊಹೆ. ಜನಗಣತಿಯ ಲೆಕ್ಕ ಇದನ್ನು ಸಮರ್ಥಿಸುವುದಿಲ್ಲ. ತಮ್ಮನ್ನು ಬಿಳಿಯ ಬ್ರಿಟಿಷರೆಂದು ಬರೆಸಿಕೊಂಡವರು 2001ರಲ್ಲಿ ನ್ಯೂಹ್ಯಾಮ್‌ನಲ್ಲಿ ಶೇ. 34ರಷ್ಟು ಮಾತ್ರವಿದ್ದರು; ನೆರೆಯ ಬಾರ್ಕಿಂಗ್ ಮತ್ತು ಡ್ಯಾಗನ್‌ಹ್ಯಾಮ್‌ನಲ್ಲಿ ಶೇ. 81ರಷ್ಟಿದ್ದರು. ಹತ್ತೇ ವರ್ಷಗಳಲ್ಲಿ ಈ ಎರಡನೆಯ ಪ್ರಮಾಣ ಶೇ. 49ಕ್ಕೆ ಇಳಿಯಿತು. ಲೆಕ್ಕ ಬಲ್ಲವರಿಗೆ ಇರುವ ಮೊತ್ತ ಬೇರೆ, ಅದು ಬದಲಾಗುವ ವೇಗ ಬೇರೆ. ಹಡಗುಕಟ್ಟೆಗಳಿದ್ದ ನ್ಯೂಹ್ಯಾಮ್‌ಗೆ ಪರದೇಶದವರ ಬರವು ತಲೆಮಾರುಗಳಿಂದ ರೂಢಿಯಾಗಿತ್ತು. ಡ್ಯಾಗನ್‌ಹ್ಯಾಮ್‌ನವರ ಕಣ್ಣೆದುರಿಗೆ ಮಾತ್ರ ಬೀದಿಯ ಮುಖವೇ ಬದಲಾಗುತ್ತಿತ್ತು.

ಇದರ ಜೊತೆಗೆ ಮನೆಯ ಚಿಂತೆಯೂ ಸೇರಿತು. 1921ರಿಂದ ಕಟ್ಟಲಾದ ಬೆಕಂಟ್ರಿ ಬಡಾವಣೆಯಲ್ಲಿ ಸಾವಿರಾರು ಕುಟುಂಬಗಳು ಸರಕಾರಿ ಬಾಡಿಗೆ ಮನೆಗಳಲ್ಲಿ ಬಾಳಿದ್ದವು. 1980ರ ಶಾಸನವು ಬಾಡಿಗೆದಾರರಿಗೆ ಮನೆಯನ್ನು ಕೊಳ್ಳುವ ಹಕ್ಕನ್ನಿತ್ತಿತು. ಮಾರಾಟವಾದಷ್ಟು ಮನೆಗಳನ್ನು ಮತ್ತೆ ಕಟ್ಟಲಿಲ್ಲ. 2002ರಲ್ಲಿ ಫೋರ್ಡ್ ಕಾರುಗಳ ತಯಾರಿಕೆಯೂ ಅಲ್ಲಿ ನಿಂತಿತು. ಮಕ್ಕಳಿಗೆ ಮನೆ ದೊರೆಯದೆ ಸರದಿಯಲ್ಲಿ ಕಾದವರಿಗೆ ಇಪ್ಪತ್ತು ವರ್ಷ ಹಿಂದಿನ ಶಾಸನ ಕಾಣಲಿಲ್ಲ, ಪಕ್ಕದ ಮನೆಗೆ ಬಂದ ಹೊಸಬ ಕಂಡ. ಕೊರತೆಯ ಹೊಣೆಯನ್ನು ಅವನ ತಲೆಗೆ ಕಟ್ಟಿದ್ದು ಅನ್ಯಾಯ. ಆದರೆ ಕಾದವರ ಸಂಕಟ ಸುಳ್ಳಲ್ಲ. ಅದನ್ನು ಬರಿಯ ದ್ವೇಷವೆಂದು ತಳ್ಳಿಹಾಕುವುದೂ ನ್ಯಾಯವಲ್ಲ.

2010ರ ಚುನಾವಣೆಯಲ್ಲಿ ಆ ಪಕ್ಷ ಅಲ್ಲಿ ತನ್ನ ಎಲ್ಲ ಸ್ಥಾನಗಳನ್ನೂ ಕಳೆದುಕೊಂಡಿತು. ಆ ವೇಳೆಗೆ ವಲಸೆಯೇನೂ ನಿಂತಿರಲಿಲ್ಲ. 2016ರ ಮತವೂ ವಲಸೆಯೊಂದನ್ನೇ ಕುರಿತದ್ದಲ್ಲ. ಎರಡೂ ದಡಗಳಲ್ಲಿ ಬೇರೆ ಅಭಿಪ್ರಾಯದವರು ಬಹಳ ಮಂದಿ ಇದ್ದರು. ಆದುದರಿಂದ ಒಂದು ಊರನ್ನು ಉದಾರವೆಂದೂ ಮತ್ತೊಂದನ್ನು ಸಂಕುಚಿತವೆಂದೂ ಕರೆಯುವ ಮುನ್ನ ಅಲ್ಲಿಯ ಜನ ಏನನ್ನು ಕಳೆದುಕೊಂಡರು, ಎಷ್ಟು ಬೇಗ ಕಳೆದುಕೊಂಡರು ಎಂಬುದನ್ನು ವಿಚಾರಿಸುವುದು ವಿವೇಕಿಗಳ ಕರ್ತವ್ಯ.