ಹಿಮನದಿಗಳ ನಾಡಿನಲ್ಲಿ ಅತಿಥಿಗಳಾಗಿ

ಅಲಾಸ್ಕಾ ಎಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಶಾಲೆಯ ಭೂಗೋಳದ ನಕ್ಷೆ. ಉತ್ತರ ಅಮೆರಿಕ ಖಂಡದ ವಾಯವ್ಯ ಮೂಲೆಯಲ್ಲಿ, ಉಳಿದ ಸಂಯುಕ್ತ ಸಂಸ್ಥಾನಗಳಿಂದ ಬೇರ್ಪಟ್ಟು ನಿಂತ ಈ ಭೂಭಾಗವು ನಮ್ಮ ಕರ್ನಾಟಕದಂತಹ ಸುಮಾರು ಒಂಬತ್ತು ರಾಜ್ಯಗಳನ್ನು ತನ್ನೊಳಗೆ ಅಡಗಿಸಿಕೊಳ್ಳಬಲ್ಲಷ್ಟು ವಿಶಾಲವಾದುದು. ಆದರೆ ಅಲ್ಲಿಯ ಜನಸಂಖ್ಯೆ ಏಳೂವರೆ ಲಕ್ಷವನ್ನು ಮೀರದು. 1867ರಲ್ಲಿ ಅಮೆರಿಕವು ಈ ನಾಡನ್ನು ರಷ್ಯಾದಿಂದ 72 ಲಕ್ಷ ಡಾಲರುಗಳಿಗೆ ಕೊಂಡುಕೊಂಡಿತು. ವ್ಯವಹಾರ ಕುದುರಿಸಿದ ವಿದೇಶಾಂಗ ಕಾರ್ಯದರ್ಶಿ ವಿಲಿಯಂ ಸೀವರ್ಡ್ ಅವರನ್ನು, ಬರಿಯ ಮಂಜುಗಡ್ಡೆಗೆ ಹಣ ಸುರಿದರೆಂದು ಅಂದಿನವರು ಪರಿಹಾಸ್ಯ ಮಾಡಿದರಂತೆ. ಸಾವಿರಾರು ವರ್ಷಗಳಿಂದ ಅಲ್ಲಿ ಬಾಳುತ್ತಿದ್ದ ಮೂಲನಿವಾಸಿಗಳನ್ನು ಮಾತ್ರ ಮಾರಿದವರೂ ಕೇಳಲಿಲ್ಲ, ಕೊಂಡವರೂ ಕೇಳಲಿಲ್ಲ.

ಸಿಯಾಟಲ್ ನಗರದಲ್ಲಿ ನೆಲೆಸಿರುವ ಮಗ ಮತ್ತು ಸೊಸೆಯ ಒತ್ತಾಯದಿಂದ 2024ರ ಜುಲೈ ತಿಂಗಳ ಕೊನೆಯ ವಾರದಲ್ಲಿ ಈ ನಾಡನ್ನು ಹಡಗಿನಲ್ಲಿ ಕಂಡು ಬರುವ ಸುಯೋಗ ನಮಗೆ ಒದಗಿತು. ನಾವಿಬ್ಬರು, ಮಗ, ಸೊಸೆ, ಹತ್ತು ವರ್ಷದ ಮೊಮ್ಮಗಳು, ಹೀಗೆ ಐವರು. ಏಳು ರಾತ್ರಿಗಳ ಪಯಣ. ಕೆನಡಾದ ಪಶ್ಚಿಮ ಕರಾವಳಿಯಿಂದ ಅಲಾಸ್ಕದ ಆಗ್ನೇಯ ಭಾಗದವರೆಗೆ ಸಾವಿರಾರು ದ್ವೀಪಗಳು ಗೋಡೆಯಂತೆ ನಿಂತು, ಪೆಸಿಫಿಕ್ ಸಾಗರದ ಅಬ್ಬರವನ್ನು ತಡೆದು, ನಡುವೆ ಪ್ರಶಾಂತವಾದ ಒಳದಾರಿಯೊಂದನ್ನು ಬಿಟ್ಟುಕೊಟ್ಟಿವೆ. ಹಡಗುಗಳು ಸಾಗುವುದು ಬಹುಪಾಲು ಈ ದಾರಿಯಲ್ಲಿಯೇ. ಎರಡೂ ಕಡೆ ನೀರಿನ ಅಂಚಿನಿಂದಲೇ ಮೇಲೇಳುವ ದಟ್ಟ ಹಸಿರು ಬೆಟ್ಟಗಳು, ಅವುಗಳ ನೆತ್ತಿಯಲ್ಲಿ ಹಿಮ. ರಾತ್ರಿ ಒಂಬತ್ತೂವರೆಯಾದರೂ ಬೆಳಕು ಆರದು. ಸಸ್ಯಾಹಾರಿಗಳಾದ ನಮಗೆ ಊಟದ ಚಿಂತೆಯಿತ್ತು. ಮುಂಚಿತವಾಗಿ ತಿಳಿಸಿದ್ದರಿಂದ ಅಡುಗೆಯವರು ಅನ್ನ, ಬೇಳೆಸಾರು, ಪಲ್ಯಗಳನ್ನು ಅಕ್ಕರೆಯಿಂದ ಮಾಡಿಕೊಟ್ಟರು. ಸೊಸೆ ಪೊಟ್ಟಣದಲ್ಲಿ ಕಟ್ಟಿಸಿ ತಂದಿದ್ದ ಶೇಂಗಾ ಚಟ್ನಿಪುಡಿ ಉಳಿದ ಕೊರತೆಯನ್ನು ನೀಗಿಸಿತು.

ಮೂರನೆಯ ದಿನ ತಲುಪಿದ್ದು ರಾಜಧಾನಿ ಜೂನೋ. ಸುಮಾರು 32 ಸಾವಿರ ಜನರ ಈ ಊರಿಗೆ ಹೊರಗಿನಿಂದ ಬರುವ ರಸ್ತೆಯೇ ಇಲ್ಲ. ಬರುವುದಿದ್ದರೆ ಹಡಗಿನಲ್ಲಿ, ಇಲ್ಲವೆ ವಿಮಾನದಲ್ಲಿ. ಅಲ್ಲಿಂದ ಚಿಕ್ಕ ದೋಣಿಯಲ್ಲಿ ಹಂಪ್‌ಬ್ಯಾಕ್ ತಿಮಿಂಗಿಲಗಳನ್ನು ನೋಡಲು ಹೊರಟೆವು. ನಲವತ್ತೈದು ಅಡಿಯಷ್ಟು ಬೆಳೆಯುವ ಈ ಬೃಹಜ್ಜೀವಿಗಳು ಚಳಿಗಾಲದಲ್ಲಿ ಹವಾಯಿ ದ್ವೀಪಗಳ ಬೆಚ್ಚನೆಯ ನೀರಿನಲ್ಲಿ ಮರಿಹಾಕಿ, ಬೇಸಿಗೆಯಲ್ಲಿ ಸಾವಿರಾರು ಮೈಲಿ ಈಜಿ ಇಲ್ಲಿಗೆ ಮೇವಿಗಾಗಿ ಬರುತ್ತವೆ. ಹವಾಯಿಯಲ್ಲಿದ್ದಷ್ಟು ಕಾಲ ಅವು ಏನನ್ನೂ ತಿನ್ನುವುದಿಲ್ಲವೆಂದೇ ಹೇಳಬಹುದು. ನೀರಿನಿಂದ ಬಾಲವೆತ್ತಿ ಮುಳುಗುವಾಗ ಕಾಣುವ ಬಾಲದ ಅಡಿಭಾಗದ ಕಪ್ಪು ಬಿಳುಪಿನ ಚಿತ್ತಾರ ಒಂದೊಂದಕ್ಕೆ ಒಂದೊಂದು ಬಗೆ. ನಮ್ಮ ಬೆರಳಚ್ಚಿನಂತೆ ಅದರಿಂದಲೇ ವಿಜ್ಞಾನಿಗಳು ಅವುಗಳನ್ನು ಗುರುತಿಸುತ್ತಾರೆ. ಕಾನೂನಿನಂತೆ ನೂರು ಗಜ ದೂರದಲ್ಲಿಯೇ ದೋಣಿ ನಿಲ್ಲಬೇಕು. ಎಂಜಿನ್ನಿನ ಸದ್ದು ಅಡಗಿದ ಆ ಮೌನದಲ್ಲಿ ತಿಮಿಂಗಿಲವು ಉಸಿರು ಬಿಟ್ಟ ಶಬ್ದ ಕೇಳಿದಾಗ ದೋಣಿಯಲ್ಲಿದ್ದ ಯಾರೂ ಮಾತನಾಡಲಿಲ್ಲ. ಎಣ್ಣೆಗಾಗಿ ನಡೆದ ಬೇಟೆಯಿಂದ ನಿರ್ನಾಮದ ಅಂಚಿಗೆ ಬಂದಿದ್ದ ಇವುಗಳಿಗೆ ಉತ್ತರ ಪೆಸಿಫಿಕ್‌ನಲ್ಲಿ 1966ರಲ್ಲಿ ರಕ್ಷಣೆ ದೊರಕಿತು. ಇಂದು ಇವುಗಳ ಸಂಖ್ಯೆ ಬಹಳಷ್ಟು ಚೇತರಿಸಿಕೊಂಡಿದೆ.

ಮರಳುವಾಗ ದಡದ ಮರಗಳ ತುದಿಯಲ್ಲಿ ಬಿಳಿತಲೆಯ ಹದ್ದುಗಳು ಕುಳಿತಿದ್ದವು. ಅಮೆರಿಕದ ರಾಷ್ಟ್ರಲಾಂಛನದಲ್ಲಿರುವ ಈ ಹಕ್ಕಿಯ ಕಥೆಯೂ ಕೇಳತಕ್ಕದ್ದು. ಮೀನುಗಾರರ ಸಾಮನ್ ಮೀನನ್ನು ತಿಂದು ಹಾಕುತ್ತದೆ ಎಂಬ ಕಾರಣಕ್ಕೆ 1917ರಿಂದ 1953ರವರೆಗೆ ಅಲಾಸ್ಕದ ಆಡಳಿತವು ಹದ್ದನ್ನು ಕೊಂದು ಕಾಲು ತಂದುಕೊಟ್ಟವರಿಗೆ ಬಹುಮಾನ ಕೊಡುತ್ತಿತ್ತು. ಒಂದು ಲಕ್ಷಕ್ಕೂ ಹೆಚ್ಚು ಹದ್ದುಗಳು ಹೀಗೆ ಸತ್ತವು. ನಾಣ್ಯದ ಮೇಲೆ ಪೂಜ್ಯವಾದದ್ದು ಮರದ ಮೇಲೆ ಶತ್ರುವಾಗಿತ್ತು. ಆ ಕ್ರಮ ನಿಂತ ಬಳಿಕ ಹದ್ದುಗಳು ಮತ್ತೆ ತುಂಬಿಕೊಂಡಿವೆ.

ಅದೇ ದಿನ ಮೆಂಡೆನ್‌ಹಾಲ್ ಹಿಮನದಿಯನ್ನು ಕಂಡೆವು. ಬೆಟ್ಟಗಳ ಮೇಲೆ ಬಿದ್ದ ಹಿಮ ವರ್ಷವರ್ಷವೂ ಪದರ ಪದರವಾಗಿ ಒತ್ತಿ ಗಟ್ಟಿಯಾಗಿ, ತನ್ನ ಭಾರಕ್ಕೆ ತಾನೇ ಮೆಲ್ಲನೆ ಕೆಳಗೆ ಹರಿಯುವುದೇ ಹಿಮನದಿ. ಒತ್ತಡದಿಂದ ಗಾಳಿಯ ಗುಳ್ಳೆಗಳು ಹೊರಟುಹೋದ ಆ ಮಂಜುಗಡ್ಡೆ ಬೆಳಕಿನ ಕೆಂಪು ಅಂಶವನ್ನು ಹೀರಿ ನೀಲಿಯನ್ನು ಮಾತ್ರ ನಮ್ಮ ಕಣ್ಣಿಗೆ ಬಿಡುತ್ತದೆ. ಹಾಗಾಗಿ ಅದರ ಬಿರುಕುಗಳಲ್ಲಿ ಅಚ್ಚ ನೀಲಿ ಬಣ್ಣ. ಹಿಮನದಿಯನ್ನು ಹತ್ತಿರದಿಂದ ನೋಡಲೆಂದು 1962ರಲ್ಲಿ ಪ್ರವಾಸಿ ಕೇಂದ್ರವನ್ನು ತೆರೆದರು. ಕೇಂದ್ರ ಅಲ್ಲಿಯೇ ಇದೆ, ಹಿಮನದಿ ಸರೋವರದಾಚೆ ಬಹುದೂರ ಸರಿದಿದೆ. ಪಕ್ಕದ ತೊರೆಯಲ್ಲಿ ತಾಯಿ ಕರಡಿಯೊಂದು ಕೆಂಪು ಬಣ್ಣಕ್ಕೆ ತಿರುಗಿದ ಸಾಮನ್ ಮೀನನ್ನು ಹಿಡಿಯುತ್ತಿತ್ತು. ಎತ್ತರದ ಹಲಗೆದಾರಿಯಲ್ಲಿ ನಿಂತ ನೂರಾರು ಜನರತ್ತ ಅದು ತಲೆಯೆತ್ತಿಯೂ ನೋಡಲಿಲ್ಲ. “ಅಜ್ಜಾ, ಈ ಕರಡಿಗೆ ನಾವು ಕಾಣೂದಿಲ್ಲೇನು?” ಎಂದು ಮೊಮ್ಮಗಳು ಕೇಳಿದಳು. “ಕಾಣತೇವವ್ವಾ, ಅದಕ್ಕ ತನ್ನ ಕೆಲಸ ಐತಿ” ಎಂದು ಉತ್ತರಿಸಿದೆವು.

ಮರುದಿನ ಸ್ಕ್ಯಾಗ್ವೇ. ಸಾವಿರದಷ್ಟು ಜನರ ಈ ಪುಟ್ಟ ಊರು ಒಂದು ಕಾಲಕ್ಕೆ ಚಿನ್ನದ ಹುಚ್ಚಿನ ಹೆಬ್ಬಾಗಿಲಾಗಿತ್ತು. 1896ರ ಆಗಸ್ಟ್‌ನಲ್ಲಿ ಕೆನಡಾದ ಕ್ಲಾಂಡೈಕ್ ಪ್ರದೇಶದಲ್ಲಿ ಚಿನ್ನ ಸಿಕ್ಕಿತು. ಸುದ್ದಿ ಹಬ್ಬಿ, ಸುಮಾರು ಒಂದು ಲಕ್ಷ ಜನ ಮನೆಮಠ ಬಿಟ್ಟು ಹೊರಟರು. ಹಸಿವಿನಿಂದ ಸಾಯದಿರಲೆಂದು ಕೆನಡಾದ ಪೊಲೀಸರು ಒಬ್ಬೊಬ್ಬರೂ ಒಂದು ವರ್ಷಕ್ಕೆ ಸಾಲುವಷ್ಟು ದವಸಧಾನ್ಯ ತರಬೇಕೆಂದು ಕಟ್ಟುಮಾಡಿದರು. ಸಾಮಾನೆಲ್ಲ ಸೇರಿ ಒಂದು ಟನ್ನಿನಷ್ಟಾಗುತ್ತಿದ್ದ ಆ ಹೊರೆಯನ್ನು ಹಿಮದ ಕಣಿವೆಯಲ್ಲಿ ಹತ್ತಾರು ಬಾರಿ ಹತ್ತಿಳಿದು ಸಾಗಿಸಬೇಕಿತ್ತು. ವೈಟ್ ಪಾಸ್ ಹಾದಿಯಲ್ಲಿ ಸುಮಾರು ಮೂರು ಸಾವಿರ ಕುದುರೆಗಳು ಬಳಲಿ, ಜಾರಿ, ಹಸಿದು ಸತ್ತವು. ಇಂದಿಗೂ ಆ ಕೊರಕಲಿಗೆ ‘ಸತ್ತ ಕುದುರೆಗಳ ಕಣಿವೆ’ ಎಂದೇ ಹೆಸರು. 1898ರಿಂದ 1900ರವರೆಗೆ ಕಟ್ಟಿದ ಮೂರಡಿ ಅಗಲದ ರೈಲುದಾರಿಯಲ್ಲಿ ನಾವು ಇಪ್ಪತ್ತು ಮೈಲಿಗಳಲ್ಲಿ 2,865 ಅಡಿ ಮೇಲೇರಿದೆವು. ಜಲಪಾತಗಳು, ಮರದ ಸೇತುವೆಗಳು, ಸುರಂಗಗಳು, ನಿಜಕ್ಕೂ ನಯನಮನೋಹರ. ಆದರೆ ಕಿಟಕಿಯ ಕೆಳಗೆ ಕಂಡ ಆ ಹಳೆಯ ಕಾಲುದಾರಿಯ ಗೀರು ಮನಸ್ಸನ್ನು ಬಿಡಲಿಲ್ಲ. ರೈಲು ಮುಗಿಯುವ ವೇಳೆಗೆ ಚಿನ್ನದ ಹುಚ್ಚೇ ಇಳಿದಿತ್ತು.

ಐದನೆಯ ದಿನ ಮುಂಜಾನೆ ಹಡಗು ಗ್ಲೇಸಿಯರ್ ಬೇ ರಾಷ್ಟ್ರೀಯ ಉದ್ಯಾನವನ್ನು ಪ್ರವೇಶಿಸಿತು. ದಿನವೊಂದಕ್ಕೆ ಇಂತಹ ಎರಡು ದೊಡ್ಡ ಹಡಗುಗಳಿಗೆ ಮಾತ್ರ ಇಲ್ಲಿ ಅನುಮತಿ. ಉದ್ಯಾನದ ಅಧಿಕಾರಿಗಳು ಚಿಕ್ಕ ದೋಣಿಯಲ್ಲಿ ಬಂದು ಹಡಗನ್ನೇರಿದರು. ಅವರೊಡನೆ ಹೂನಾ ಟ್ಲಿಂಗಿಟ್ ಜನಾಂಗದ ಮಹಿಳೆಯೊಬ್ಬರೂ ಇದ್ದರು. ಇಬ್ಬರಿಂದ ನಾವು ಕೇಳಿದ್ದು ಒಂದೇ ಕೊಲ್ಲಿಯ ಎರಡು ಚರಿತ್ರೆಗಳನ್ನು.

ಮೊದಲನೆಯದು ಅಳತೆಯ ಚರಿತ್ರೆ. 1794ರಲ್ಲಿ ಕ್ಯಾಪ್ಟನ್ ವ್ಯಾಂಕೋವರ್ ಅವರ ತಂಡ ಬಂದಾಗ ಇಲ್ಲಿ ಇಂದಿನ ಕೊಲ್ಲಿ ಇರಲಿಲ್ಲ, ಬಹುಪಾಲು ಇದ್ದದ್ದು ಮಂಜಿನ ಮಹಾಗೋಡೆ. 1879ರಲ್ಲಿ ಪ್ರಕೃತಿಪ್ರೇಮಿ ಜಾನ್ ಮ್ಯೂರ್ ಬಂದಾಗ ಅದು ಮೂವತ್ತು ಮೈಲಿಗೂ ಹೆಚ್ಚು ಹಿಂದೆ ಸರಿದಿತ್ತು, 1916ರ ವೇಳೆಗೆ ಅರವತ್ತು ಮೈಲಿಗೂ ಹೆಚ್ಚು. ಈ ಸರಿತದ ಬಹುಭಾಗ ನಡೆದದ್ದು ಶತಮಾನಗಳ ಶೀತಯುಗವೊಂದು ಕೊನೆಗೊಂಡ ನೈಸರ್ಗಿಕ ಕಾರಣದಿಂದ. ಆದರೆ ಇಂದು ಅಲಾಸ್ಕದ ಹಿಮನದಿಗಳು ವೇಗವಾಗಿ ಕರಗುತ್ತಿರುವುದಕ್ಕೆ ಮಾನವನು ಉರಿಸುವ ಇಂಧನದಿಂದ ಏರಿದ ತಾಪಮಾನವೇ ಮುಖ್ಯ ಕಾರಣವೆಂಬುದು ವಿಜ್ಞಾನಿಗಳ ಖಚಿತ ಮತ.

ಎರಡನೆಯದು ಮನೆಯ ಚರಿತ್ರೆ. ಹಿಮನದಿಯು ಮುಂದೊತ್ತಿ ಬರುವ ಮೊದಲು ಇದು ಟ್ಲಿಂಗಿಟ್ ಜನರ ಹಳ್ಳಿಗಳಿದ್ದ, ತೊರೆಗಳು ಹರಿಯುತ್ತಿದ್ದ ಬಯಲು. ಹದಿನೆಂಟನೆಯ ಶತಮಾನದಲ್ಲಿ ಮಂಜು ಅವರ ಮನೆಗಳನ್ನು ನುಂಗಿತು. ಜನ ಹೊರಟುಹೋಗಿ, ಮುಂದೆ ಹೂನಾ ಎಂಬಲ್ಲಿ ನೆಲೆಸಿದರು. ಮಂಜು ಸರಿದ ಮೇಲೆ ಮೀನು, ಸೀಲ್ ಬೇಟೆ, ಕಡಲಹಕ್ಕಿಯ ಮೊಟ್ಟೆ, ಕಾಡುಹಣ್ಣುಗಳಿಗಾಗಿ ಮತ್ತೆ ಬರತೊಡಗಿದರು. ಹಳೆಯ ಊರಿದ್ದ ಈ ಕೊಲ್ಲಿಯನ್ನು ‘ಹಿಮನದಿಯಿದ್ದ ಜಾಗದ ಕೊಲ್ಲಿ’ ಎಂಬ ಅರ್ಥದ ಹೆಸರಿನಿಂದ ಕರೆದರು. 1925ರಲ್ಲಿ ಸರಕಾರ ಇದನ್ನು ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿದಾಗ, ಕಾಡನ್ನು ಕಾಪಾಡುವ ನಿಯಮಗಳೇ ಕಾಡಿನ ಮಕ್ಕಳನ್ನು ಹೊರಗಿಟ್ಟವು. 1980ರಲ್ಲಿ ಇದು ರಾಷ್ಟ್ರೀಯ ಉದ್ಯಾನವಾಯಿತು. ಸಂಪ್ರದಾಯದಂತೆ ಮೊಟ್ಟೆ ಸಂಗ್ರಹಿಸಲು ಮತ್ತೆ ದಾರಿ ಮಾಡಿಕೊಡುವ ಕಾನೂನು ಬಂದದ್ದು 2014ರಲ್ಲಿ. 2016ರಲ್ಲಿ ಕೊಲ್ಲಿಯ ದಡದಲ್ಲಿ ಅವರ ಕುಲಗೃಹ ಮತ್ತೆ ಎದ್ದು ನಿಂತಿತು. ಕೈಯಿಂದ ಕೆತ್ತಿದ ದೋಣಿಗಳಲ್ಲಿ ಹುಟ್ಟುಹಾಕುತ್ತ ಹೂನಾದ ಜನ ಆ ದಿನ ತಮ್ಮ ಮನೆಗೆ ಬಂದರು.

ಮಧ್ಯಾಹ್ನ ಹಡಗು ಮಾರ್ಜರಿ ಹಿಮನದಿಯ ಎದುರು ನಿಂತಿತು. ಸುಮಾರು ಒಂದು ಮೈಲಿ ಅಗಲ, ನೀರಿನ ಮೇಲೆ 250 ಅಡಿಯಷ್ಟು ಎತ್ತರದ ನೀಲಿ ಬಿಳಿ ಗೋಡೆ. ತೇಲುವ ಮಂಜಿನ ತುಂಡುಗಳ ಮೇಲೆ ಸೀಲ್‌ಗಳು ಮಲಗಿದ್ದವು. ಇದ್ದಕ್ಕಿದ್ದಂತೆ ಗುಡುಗಿನ ಸದ್ದು. ಮನೆಯ ಗಾತ್ರದ ತುಂಡೊಂದು ಕಳಚಿ ನೀರಿಗೆ ಬಿತ್ತು. ಈ ಸದ್ದಿಗೆ ಟ್ಲಿಂಗಿಟ್ ಜನ ‘ಬಿಳಿಗುಡುಗು’ ಎನ್ನುತ್ತಾರೆ. ಹಡಗಿನ ಮೇಲೆ ಚಪ್ಪಾಳೆ ಮೊಳಗಿತು. ಆ ಮಹಿಳೆ ಚಪ್ಪಾಳೆ ತಟ್ಟಲಿಲ್ಲ. ನಮ್ಮ ಮೊಮ್ಮಗಳು ಅವರ ಮುಖ ನೋಡಿ ತನ್ನ ಕೈಗಳನ್ನು ಕೆಳಗಿಳಿಸಿದಳು.

ಆರನೆಯ ದಿನದ ನಿಲುಗಡೆ ಕೆಚಿಕನ್. ವರ್ಷಕ್ಕೆ ಸುಮಾರು 140 ಅಂಗುಲ ಮಳೆ ಸುರಿಯುವ ಊರು. ಆಗುಂಬೆಯ ಮಳೆಯನ್ನು ಕಂಡ ನಮಗೆ ಹೊಸತಲ್ಲವಾದರೂ, ಚಳಿಯ ಮಳೆ ಬೇರೆಯೇ. ಈ ಮಳೆಯಿಂದಲೇ ಸುಮಾರು 170 ಲಕ್ಷ ಎಕರೆ ವಿಸ್ತಾರದ ಟಾಂಗಸ್ ಅರಣ್ಯ ಬದುಕಿದೆ. ಅಮೆರಿಕದ ರಾಷ್ಟ್ರೀಯ ಅರಣ್ಯಗಳಲ್ಲಿ ಇದೇ ದೊಡ್ಡದು. ಸಾಮನ್ ಮೀನುಗಳು ಸಾಗರದಿಂದ ತಾವು ಹುಟ್ಟಿದ ತೊರೆಗೇ ಮರಳಿ, ಮೊಟ್ಟೆಯಿಟ್ಟು ಅಲ್ಲಿಯೇ ಸಾಯುತ್ತವೆ. ಕರಡಿ, ಹದ್ದುಗಳು ಕಾಡಿನೊಳಕ್ಕೆ ಎಳೆದೊಯ್ದ ಮೀನಿನ ಅವಶೇಷಗಳೇ ಮರಗಳಿಗೆ ಗೊಬ್ಬರ. ಸಾಗರದ ಋಣವನ್ನು ಕಾಡು ಹೀಗೆ ಉಣ್ಣುತ್ತದೆ.

ಸನಿಹದ ಸ್ಯಾಕ್ಸ್‌ಮನ್ ಎಂಬ ಹಳ್ಳಿಯಲ್ಲಿ ಸೀಡರ್ ಮರದಲ್ಲಿ ಕೆತ್ತಿದ ಎತ್ತರದ ಟೋಟೆಮ್ ಕಂಬಗಳಿವೆ. ಇವು ಪೂಜೆಯ ಮೂರ್ತಿಗಳಲ್ಲ. ಕುಲದ ಕಥೆ, ಹಿರಿಯರ ನೆನಪು, ಹಕ್ಕುಬಾಧ್ಯತೆಗಳನ್ನು ಸಾರುವ ನಮ್ಮ ಶಾಸನಕಲ್ಲುಗಳಿದ್ದಂತೆ. ಅವುಗಳಲ್ಲೊಂದು ಸೀವರ್ಡ್ ಅವರ ಕಂಬ. 1869ರಲ್ಲಿ ಅಲಾಸ್ಕಕ್ಕೆ ಬಂದ ಅವರಿಗೆ ಟ್ಲಿಂಗಿಟ್ ಮುಖಂಡರು ಔತಣವಿತ್ತು ಕಾಣಿಕೆ ಕೊಟ್ಟರು. ಉಂಡ ಅತಿಥಿ ಸಮಯ ಬಂದಾಗ ಪ್ರತಿಯಾಗಿ ಸತ್ಕರಿಸಬೇಕೆಂಬುದು ಅವರ ಕಟ್ಟಳೆ. ಸೀವರ್ಡ್ ಅದನ್ನು ತೀರಿಸಲಿಲ್ಲ. ಅದಕ್ಕಾಗಿ ಅವರ ಆಕೃತಿಯನ್ನು ಕಂಬದ ತುದಿಯಲ್ಲಿ ಕೂರಿಸಿ, ಮೂಗು ಕಿವಿಗಳಿಗೆ ಕೆಂಪು ಬಳಿದು, ಋಣ ತೀರಿಸದವನೆಂದು ಸಾರಿದರು. ಹಳೆಯ ಕಂಬ ಶಿಥಿಲವಾದಂತೆ ಹೊಸದನ್ನು ಕೆತ್ತಿ ನಿಲ್ಲಿಸಲಾಗಿದೆ. ನಾಡನ್ನೇ ಕೊಂಡವರೆಂದು ಚರಿತ್ರೆ ಹೇಳುವ ವ್ಯಕ್ತಿ, ಆ ನಾಡಿನವರ ಲೆಕ್ಕದಲ್ಲಿ ಊಟದ ಋಣ ಉಳಿಸಿಕೊಂಡ ಅತಿಥಿ.

ಕೊನೆಯ ಸಂಜೆ ಹಡಗು ಕೆನಡಾದ ವಿಕ್ಟೋರಿಯಾ ಬಂದರಿನಲ್ಲಿ ಕೆಲವು ಗಂಟೆ ನಿಂತಿತು. ಅಮೆರಿಕದಲ್ಲಿ ಹತ್ತಿದ ಪ್ರಯಾಣಿಕರನ್ನು ಹೊತ್ತ ವಿದೇಶೀ ನೋಂದಣಿಯ ಹಡಗು ನಡುವೆ ಹೊರದೇಶದ ಒಂದು ಬಂದರನ್ನಾದರೂ ಮುಟ್ಟಬೇಕೆಂಬ 1886ರ ಕಾನೂನೇ ಇದಕ್ಕೆ ಕಾರಣ. ಆದ್ದರಿಂದ ಭಾರತದಿಂದ ಹೋಗುವ ಹಿರಿಯರು ಕೆನಡಾದ ವೀಸಾವನ್ನೂ, ಅಮೆರಿಕಕ್ಕೆ ಮತ್ತೆ ಪ್ರವೇಶಿಸಲು ಅವಕಾಶವಿರುವ ವೀಸಾವನ್ನೂ ಮೊದಲೇ ಪಡೆದಿರಬೇಕು. ಬೇಸಿಗೆಯಲ್ಲೂ ಉಣ್ಣೆಯ ಬಟ್ಟೆ, ಮಳೆಯಂಗಿ, ದುರ್ಬೀನು ಅವಶ್ಯ.

ನಾವು ಮರಳಿದ ಮರುವಾರದಲ್ಲಿಯೇ, 2024ರ ಆಗಸ್ಟ್ ಮೊದಲ ವಾರದಲ್ಲಿ, ಮೆಂಡೆನ್‌ಹಾಲ್ ಹಿಮನದಿಯ ಪಕ್ಕದ ಕೊರಕಲಿನಲ್ಲಿ ಮಂಜು ಕಟ್ಟಿಹಿಡಿದಿದ್ದ ನೀರು ಒಮ್ಮೆಲೇ ನುಗ್ಗಿ ಜೂನೋದ ಸುಮಾರು ಮುನ್ನೂರು ಮನೆಗಳನ್ನು ಹಾನಿಗೀಡುಮಾಡಿತು. ಪಕ್ಕದ ಚಿಕ್ಕ ಹಿಮನದಿ ಕರಗಿ ಹಿಂದೆ ಸರಿದುದರಿಂದಲೇ ಆ ಕೊರಕಲು ಬರಿದಾಗಿ, ನೀರು ನಿಲ್ಲುವಂತಾದದ್ದು. 2011ರಿಂದ ಇಂತಹ ಪ್ರವಾಹಗಳು ಆಗುತ್ತಿವೆ. 2025ರ ಆಗಸ್ಟ್‌ನಲ್ಲಿ ನೀರು ಇನ್ನೂ ಎತ್ತರಕ್ಕೇರಿದರೂ, ಅಷ್ಟರಲ್ಲಿ ಕಟ್ಟಿದ್ದ ತಡೆಗೋಡೆಗಳು ಬಹುಪಾಲು ಮನೆಗಳನ್ನು ಉಳಿಸಿದವು. 2023ರ ಒಂದೇ ಋತುವಿನಲ್ಲಿ ಜೂನೋಗೆ ಹಡಗಿನಲ್ಲಿ ಬಂದವರು 16 ಲಕ್ಷಕ್ಕೂ ಹೆಚ್ಚು. ದಿನಕ್ಕೆ ಐದೇ ದೊಡ್ಡ ಹಡಗುಗಳೆಂಬ ಮಿತಿಯನ್ನು ಊರಿನವರು 2024ರಿಂದ ಜಾರಿಗೆ ತಂದರು. 2026ರಿಂದ ಪ್ರಯಾಣಿಕರ ಸಂಖ್ಯೆಗೂ ಮಿತಿ ಒಪ್ಪಿಕೊಳ್ಳಲಾಗಿದೆ.

ಇಂತಹ ಪ್ರವಾಸವೇ ಬೇಡವೆನ್ನುವುದು ನಮ್ಮ ಅಭಿಪ್ರಾಯವಲ್ಲ. ಪ್ರವಾಸಿಗರ ಹಣದಿಂದ ಅಲ್ಲಿ ಅನೇಕರ ಒಲೆ ಉರಿಯುತ್ತದೆ. ತಿಮಿಂಗಿಲವನ್ನೂ ಹದ್ದನ್ನೂ ಕೊಲ್ಲುತ್ತಿದ್ದ ಮನುಷ್ಯನೇ ಅವುಗಳನ್ನು ಉಳಿಸಿದ್ದಾನೆ, ಹೊರಹಾಕಿದ ಮನೆಗೆ ಮನೆಯವರನ್ನು ಮರಳಿ ಕರೆದಿದ್ದಾನೆ. ಮಂಜಿನ ವಿಷಯದಲ್ಲಿ ಮಾತ್ರ ಕೆಲಸ ಇನ್ನೂ ಬಾಕಿಯಿದೆ, ಅದು ಅಲಾಸ್ಕದಲ್ಲಷ್ಟೇ ಮುಗಿಯುವಂಥದ್ದೂ ಅಲ್ಲ. ಹೋಗುವವರು ಕಡಿಮೆ ಹಡಗುಗಳಿರುವ ದಿನವನ್ನು ಆರಿಸಿ, ಮೂಲನಿವಾಸಿಗಳೇ ನಡೆಸುವ ಪ್ರದರ್ಶನಗಳನ್ನು ನೋಡಿ, ಕುಶಲ ವಸ್ತುಗಳನ್ನು ಅವರ ಕೈಯಿಂದಲೇ ಕೊಳ್ಳಬಹುದು. ಮರಳಿದ ಮೇಲೆ ಮನೆಯ ಮಕ್ಕಳೊಡನೆ ಕುಳಿತು, ಕಂಡ ಹಿಮನದಿಗಳ ಜೊತೆಗೆ ಸ್ಯಾಕ್ಸ್‌ಮನ್ನಿನ ಆ ಕೆಂಪು ಮೂಗಿನ ಕಂಬದ ಕಥೆಯನ್ನೂ ಹೇಳಬಹುದು. ನಮ್ಮ ಮೊಮ್ಮಗಳು ತನ್ನ ಶಾಲೆಯಲ್ಲಿ ಎಲ್ಲಕ್ಕಿಂತ ಮೊದಲು ಹೇಳಿದ್ದು ಅದನ್ನೇ.