ಜಾಝ್ ಚರಿತ್ರೆಯೂ ಸಜೀಪಮೂಡದ ಸ್ಯಾಕ್ಸೊಫೋನೂ

ಚಿತ್ರ ಮುಗಿದೊಡನೆ ಎದ್ದು ಹೋಗದೆ ಕುಳಿತು ಚರ್ಚಿಸುವ ಪರಿಪಾಠವನ್ನು ಕನ್ನಡನಾಡಿನ ಹಳ್ಳಿಗಳಲ್ಲಿ ಬೆಳೆಸಿದ ಕೀರ್ತಿ ಕೆ. ವಿ. ಸುಬ್ಬಣ್ಣನವರ ಹೆಗ್ಗೋಡಿನ ನೀನಾಸಂಗೆ ಸಲ್ಲಬೇಕು. ಅದೇ ಕ್ರಮದಲ್ಲಿ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಸಭಿಕರಿಗೆ ಜಾಝ್ ಸಂಗೀತದ ಚರಿತ್ರೆಯನ್ನು ತೋರಿಸಹೊರಟವರು ಯಾವ ಚಿತ್ರದಿಂದ ತೊಡಗಬೇಕು?

ರೂಢಿಯ ಉತ್ತರ, ಕೆನ್ ಬರ್ನ್ಸ್‌ರ ‘ಜಾಝ್’. 2001ರಲ್ಲಿ ಪ್ರಸಾರಗೊಂಡ ಹತ್ತು ಕಂತುಗಳ ಈ ಸಾಕ್ಷ್ಯಚಿತ್ರ ನ್ಯೂ ಆರ್ಲಿಯನ್ಸ್‌ನಿಂದ ಹೊರಟು ಆರ್ಮ್‌ಸ್ಟ್ರಾಂಗ್, ಎಲಿಂಗ್ಟನ್‌ರನ್ನು ಸಾವಧಾನವಾಗಿ ನಿರೂಪಿಸುತ್ತದೆ. 1960ರ ಬಳಿಕದ ನಾಲ್ಕು ದಶಕಗಳನ್ನು ಮಾತ್ರ ಕೊನೆಯ ಒಂದೇ ಕಂತಿನಲ್ಲಿ ಮುಗಿಸಿಬಿಡುತ್ತದೆ. ಬಂಟ್ವಾಳದ ಕಥೆ ಬೆಳೆಯುವುದು ಆ ಅವಸರದ ಕಂತಿನ ಕಾಲದಲ್ಲಿಯೇ.

ಬಂಟ್ವಾಳ ತಾಲೂಕಿನ ಸಜೀಪಮೂಡದ ನಾಗಸ್ವರ ವಾದಕರ ಮನೆಯಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು ಸ್ಯಾಕ್ಸೊಫೋನಿಗೆ ಮನಸೋತದ್ದು ಜಾಝ್ ಕೇಳಿ ಅಲ್ಲ, ಮೈಸೂರು ಅರಮನೆಯ ಬ್ಯಾಂಡ್ ಕೇಳಿ. ಇದು ಸಣ್ಣ ವಿವರವಲ್ಲ. 1846ರಲ್ಲಿ ಅಡೋಲ್ಫ್ ಸ್ಯಾಕ್ಸ್ ಪೇಟೆಂಟ್ ಪಡೆದ ಈ ವಾದ್ಯ ಮೊದಲು ಬೇರೂರಿದ್ದು ಸೇನಾ ಬ್ಯಾಂಡುಗಳಲ್ಲಿ. ಬ್ಯಾಂಡಿನಿಂದ ಒಂದು ಕವಲು ಅಮೆರಿಕದ ಕಪ್ಪುಜನರ ಸಂಗೀತಕ್ಕೆ ಹರಿಯಿತು. ಇನ್ನೊಂದು ಅರಮನೆಯ ಮೂಲಕ ನೇತ್ರಾವತಿಯ ಸೀಮೆಗೆ ಬಂತು. ಗೋಪಾಲನಾಥರು ಜಾಝ್ ವಾದ್ಯವನ್ನು ಕರ್ನಾಟಕ ಸಂಗೀತಕ್ಕೆ ತಂದರೆಂಬ ಮಾತು ಆದ್ದರಿಂದ ಅರ್ಧಸತ್ಯ. ಇವೆರಡು ದಾಯಾದಿ ಪರಂಪರೆಗಳು.

ದಾಯಾದಿಗಳು ಮುಖಾಮುಖಿಯಾದದ್ದು 1980ರ ಮುಂಬಯಿ ಜಾಝ್ ಉತ್ಸವದಲ್ಲಿ. ಚಾರ್ಲ್ಸ್ ಮಿಂಗಸ್‌ರೊಡನೆ ನುಡಿಸಿದ್ದ ಜಾನ್ ಹ್ಯಾಂಡಿ ಅಲ್ಲಿ ಗೋಪಾಲನಾಥರ ಜೊತೆ ವೇದಿಕೆ ಹಂಚಿಕೊಂಡರು. ಮನೋಧರ್ಮ ಎರಡಕ್ಕೂ ಪ್ರಾಣ. ಆದರೆ ಜಾಝ್ ವಾದಕ ಸ್ವರಮೇಳಗಳ ಸರಣಿಯ ಮೇಲೆ ಕಟ್ಟುವುದನ್ನು ಇವರು ರಾಗದ ಚೌಕಟ್ಟಿನೊಳಗೆ, ಗಮಕದಲ್ಲಿ ಅರಸಿದರು. ಅದಕ್ಕಾಗಿ ವಾದ್ಯವನ್ನೇ ಮಾರ್ಪಡಿಸಿಕೊಂಡರು. ಕರ್ನಾಟಕ ಮೂಲದ ಅಮೆರಿಕದ ಜಾಝ್ ವಾದಕ ರುದ್ರೇಶ್ ಮಹಂತಪ್ಪ 2008ರಲ್ಲಿ ಅವರೊಡನೆ ಹೊರತಂದ ಧ್ವನಿಮುದ್ರಿಕೆಯ ಹೆಸರು ‘ಕಿನ್ಸ್‌ಮೆನ್’, ಅಂದರೆ ಬಂಧುಗಳು.

ಹಾಗಾದರೆ ಮೊದಲ ಪ್ರದರ್ಶನಕ್ಕೆ ಕೆ. ಬಾಲಚಂದರ್‌ರ ತಮಿಳು ಚಿತ್ರ ‘ಡ್ಯುಯೆಟ್’ ಆಗಬಹುದು. 1994ರ ಈ ಚಿತ್ರ ಜಾಝ್ ಕುರಿತದ್ದಲ್ಲ. ಕಥೆಯೂ, ನಿಜ ಹೇಳಬೇಕೆಂದರೆ, ಸಾಧಾರಣವೇ. ಆದರೆ ತೆರೆಯ ಮೇಲೆ ಸ್ಯಾಕ್ಸೊಫೋನ್ ಹಿಡಿದವರು ನಟ ಪ್ರಭು. ಕಿವಿಗೆ ಬೀಳುವ ಉಸಿರು ಸಜೀಪದ್ದು. ಅದೇ ವರ್ಷ ಗೋಪಾಲನಾಥರು ಲಂಡನ್ನಿನ ಪ್ರಾಮ್ಸ್ ಉತ್ಸವದಲ್ಲಿ ನುಡಿಸಿದರು. ಒಂದು ಕಡೆ ಮುಖವಿಲ್ಲದ ವಾದಕ, ಇನ್ನೊಂದು ಕಡೆ ಜಗತ್ತಿನ ವೇದಿಕೆ: ಚರ್ಚೆಗೆ ಇಷ್ಟು ಸಾಕು. ಜಾಝ್ ಇತಿಹಾಸದಲ್ಲಿಯೂ ಹೀಗೆ ಹೆಸರು ಕಾಣದೆ ಉಳಿದ ವಾದಕರು ಅನೇಕರು.

ಇನ್ನೊಂದು ಪ್ರಶ್ನೆ ಈ ಮೂರೂ ಊರುಗಳ ಸಭಿಕರಿಗೇ ಸೇರಿದ್ದು. ಇಂದು ತುಳುನಾಡಿನ ಮದುವೆ, ಉತ್ಸವ, ನೇಮಗಳಲ್ಲಿ ಸ್ಯಾಕ್ಸೊಫೋನ್ ಮೊಳಗುವಾಗ, ಗೋಪಾಲನಾಥರ ತಂದೆಯ ನಾಗಸ್ವರಕ್ಕೆ ಉಳಿದಿರುವ ಜಾಗ ಎಷ್ಟು?